ತುರುಪಿನ ಎಲೆಯೂ ಕೊರವಂಜಿಯ ಕಣಿಯೂ

ಹೋದ ವರ್ಷ ಪರೀಕ್ಷೆಯ ದಿನಗಳಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. ಒಳ್ಳೆಯ ಹುಡುಗಿ, ಚಿತ್ರ ಬರೆಯುವುದರಲ್ಲಿ ಕೈಯುಂಟು. ಅಂದು ಮಾತ್ರ ಅವಳ ಕಣ್ಣು ಕೆಂಪಾಗಿದ್ದವು. “ಏನಮ್ಮ?” ಎಂದೆ. ಸಂಚಿಯಿಂದ ಇಸ್ಪೀಟಿನ ಕಟ್ಟಿಗಿಂತ ಸ್ವಲ್ಪ ದೊಡ್ಡದಾದ ಒಂದು ಎಲೆಗಳ ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟು, “ಸಾರ್, ಇದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಹಾಸ್ಟೆಲಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ” ಎಂದಳು.

ನಡೆದುದಿಷ್ಟು. ಬೆಂಗಳೂರಿನ ಕಾಲುದಾರಿಯ ಅಂಗಡಿಯೊಂದರಲ್ಲಿ ಚಿತ್ರಗಳು ಚೆನ್ನಾಗಿವೆಯೆಂದು ಅವಳು ಆ ಕಟ್ಟನ್ನು ಕೊಂಡಿದ್ದಳು. ಕೋಣೆಯ ಗೆಳತಿಯೊಬ್ಬಳು ಅದನ್ನು ತಿರುವಿಹಾಕುವಾಗ ಕುದುರೆಯೇರಿದ ಅಸ್ಥಿಪಂಜರದ ಚಿತ್ರ ಕಂಡಿತು. ಅದೇ ವಾರ ಆ ಗೆಳತಿಯ ಊರಿನಲ್ಲಿ ಅವಳ ಅಜ್ಜ ತೀರಿಕೊಂಡರು. ಅಷ್ಟು ಸಾಕಾಯಿತು. ಮಾಟದ ಎಲೆ, ಸಾವನ್ನು ಕರೆಯುವ ಎಲೆ ಎಂದು ಗುಲ್ಲೆದ್ದಿತು. ಒಬ್ಬರೂ ಅವಳ ಪಕ್ಕದಲ್ಲಿ ಕುಳಿತು ಊಟ ಮಾಡಲೊಲ್ಲರು.

ಅಧ್ಯಾಪಕರ ಕೊಠಡಿಯಲ್ಲಿ ನಾವು ನಾಲ್ಕೈದು ಮಂದಿಯಿದ್ದೆವು. ಹಿರಿಯರೊಬ್ಬರು ಕಟ್ಟನ್ನು ಮುಟ್ಟದೆಯೇ, “ಇಂಥದ್ದನ್ನೆಲ್ಲ ಮನೆಯೊಳಗೆ ತರಬಾರದು, ಜಿಪ್ಸಿಗಳ ಕ್ಷುದ್ರವಿದ್ಯೆ ಇದು” ಎಂದರು. ಮತ್ತೊಬ್ಬರು ವಿಜ್ಞಾನದ ಅಧ್ಯಾಪಕರು. ಅವರಿಂದ ನಾನು ಬೇರೆ ಮಾತನ್ನು ನಿರೀಕ್ಷಿಸಿದ್ದೆ. ಅವರೋ, “ಹಾಗೆನ್ನಬೇಡಿ, ಅದು ಪ್ರಾಚೀನ ಈಜಿಪ್ಟಿನ ಜ್ಞಾನಿಗಳು ಚಿತ್ರದಲ್ಲಿ ಬಚ್ಚಿಟ್ಟ ವಿದ್ಯೆ” ಎಂದುಬಿಟ್ಟರು. ಒಬ್ಬರದು ಹೆದರಿಕೆ, ಮತ್ತೊಬ್ಬರದು ಭಕ್ತಿ. ನಿಮಗಿದು ಹೇಗೆ ಗೊತ್ತೆಂದು ನಾನು ಇಬ್ಬರನ್ನೂ ಕೇಳಿದಾಗ ಬಂದ ಉತ್ತರ ಮಾತ್ರ ಒಂದೇ: “ಎಲ್ಲರೂ ಹಾಗೇ ಹೇಳುತ್ತಾರಲ್ಲ!”

ಎಲ್ಲರೂ ಹೇಳುವುದು ಎಷ್ಟರ ಮಟ್ಟಿಗೆ ನಿಜವೆಂದು ನೋಡಬೇಕೆನಿಸಿತು. ಆ ಬೇಸಗೆಯ ರಜೆ ಅದರಲ್ಲೇ ಕಳೆಯಿತು. ಕನ್ನಡದ ಅಧ್ಯಾಪಕನಿಗೆ ಈ ಪರದೇಶದ ಎಲೆಗಳ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಸ್ವಲ್ಪ ತಾಳ್ಮೆಯಿರಲಿ, ಹೋದ ದಾರಿ ಸುತ್ತಿ ಬಳಸಿ ನಮ್ಮ ಹಿತ್ತಿಲ ಬಾಗಿಲಿಗೇ ಬಂದು ಸೇರಿತು.

ಮೊದಲು ಈ ಕಟ್ಟು ಏನೆಂಬುದನ್ನು ನೋಡೋಣ. ಟ್ಯಾರೋ ಎಂದು ಕರೆಯುವ ಕಟ್ಟಿನಲ್ಲಿ 78 ಎಲೆಗಳು. ಅವುಗಳಲ್ಲಿ 56 ನಮ್ಮ ಇಸ್ಪೀಟಿನ ದಾಯಾದಿಗಳೇ: ಬಟ್ಟಲು, ಕತ್ತಿ, ನಾಣ್ಯ, ದಂಡ ಎಂಬ ನಾಲ್ಕು ಜಾತಿ; ಒಂದೊಂದರಲ್ಲೂ ಒಂದರಿಂದ ಹತ್ತರವರೆಗಿನ ಎಲೆಗಳು, ಅವುಗಳ ಮೇಲೆ ರಾಜ, ರಾಣಿ, ಸವಾರ, ಸೇವಕ. ಉಳಿದ 22 ಎಲೆಗಳು ಬೇರೆ. ಚಕ್ರವರ್ತಿ, ಪೋಪ್, ಪ್ರೇಮ, ರಥ, ನ್ಯಾಯ, ಸನ್ಯಾಸಿ, ಭಾಗ್ಯಚಕ್ರ, ಮೃತ್ಯು, ಸೈತಾನ, ಗೋಪುರ, ಚಂದ್ರ, ಸೂರ್ಯ, ಅಂತಿಮ ತೀರ್ಪು, ಲೋಕ ಮೊದಲಾದ ಚಿತ್ರಗಳು ಅವುಗಳಲ್ಲಿವೆ. ಜೊತೆಗೆ ಒಬ್ಬ ಹುಚ್ಚ. ಜನರನ್ನು ಹೆದರಿಸಿದವೂ ಮರುಳುಮಾಡಿದವೂ ಈ ಇಪ್ಪತ್ತೆರಡೇ.

ಇವು ಹುಟ್ಟಿದ್ದು ಈಜಿಪ್ಟಿನ ಗುಡಿಗಳಲ್ಲಲ್ಲ. ಹದಿನೈದನೆಯ ಶತಮಾನದ ಉತ್ತರ ಇಟಲಿಯ ಅರಮನೆಗಳಲ್ಲಿ, ಅದೂ ಆಟಕ್ಕಾಗಿ. 1440ರಲ್ಲಿ ಫ್ಲಾರೆನ್ಸಿನಲ್ಲಿ ಇಂಥ ಒಂದು ಕಟ್ಟನ್ನು ಕೊಂಡ ಲೆಕ್ಕ ಒಬ್ಬನ ದಿನಚರಿಯಲ್ಲಿದೆ. 1442ರಲ್ಲಿ ಫೆರಾರದ ಅರಮನೆಯ ಲೆಕ್ಕದಲ್ಲಿ ಮತ್ತೆ ಕಾಣುತ್ತದೆ. ಮಿಲಾನಿನ ದೊರೆ ಫ್ರಾಂಚೆಸ್ಕೊ ಸ್ಫೋರ್ಜನ ಮನೆತನಕ್ಕಾಗಿ 1450ರ ಸುಮಾರಿನಲ್ಲಿ ಚಿನ್ನದ ರೇಕು ಹಚ್ಚಿ ಬರೆದ ಒಂದು ಕಟ್ಟಿನ 74 ಎಲೆಗಳು ಇಂದಿಗೂ ಉಳಿದಿವೆ. ಕೆಲವು ನ್ಯೂಯಾರ್ಕಿನಲ್ಲಿ, ಕೆಲವು ಇಟಲಿಯ ಬೆರ್ಗಮೋದಲ್ಲಿ. ಅವುಗಳನ್ನು ಬರೆದವನು ಬೊನಿಫಾಚೊ ಬೆಂಬೊ ಎಂದು ವಿದ್ವಾಂಸರ ಅಭಿಪ್ರಾಯ. ಕಳೆದುಹೋದ ನಾಲ್ಕು ಎಲೆಗಳಲ್ಲಿ ಸೈತಾನನದೂ ಒಂದು ಎಂಬುದು ಒಂದು ತಮಾಷೆ.

ಆಗ ಆ ಆಟಕ್ಕೆ ಟ್ಯಾರೋ ಎಂಬ ಹೆಸರಿರಲಿಲ್ಲ. ತರೊಕ್ಕಿ ಎಂಬ ಹೆಸರು ಬಂದದ್ದು 1505ರ ಸುಮಾರಿಗೆ. ಮೊದಲಿನ ಹೆಸರು ‘ತ್ರಿಯೊಂಫಿ’, ಎಂದರೆ ವಿಜಯಗಳು. ನಾಲ್ಕು ಜಾತಿಯ ಯಾವ ಎಲೆ ಬಿದ್ದರೂ ಈ ವಿಜಯದ ಎಲೆ ಅದನ್ನು ಹೊಡೆಯುತ್ತದೆ. ವಿಜಯದ ಎಲೆಗಳಲ್ಲೂ ಮೇಲುಕೀಳುಂಟು: ಪ್ರೇಮವನ್ನು ಮೃತ್ಯು ಹೊಡೆದರೆ, ಮೃತ್ಯುವನ್ನು ಸೂರ್ಯ ಹೊಡೆಯುತ್ತಾನೆ. ಮೃತ್ಯುವಿನ ಎಲೆ ಕೈಗೆ ಬಂದರೆ ಆಟಗಾರ ಹೆದರುತ್ತಿರಲಿಲ್ಲ. ಒಂದು ಸುತ್ತು ಗೆದ್ದೆನೆಂದು ಮೀಸೆಯಡಿಯಲ್ಲಿ ನಗುತ್ತಿದ್ದ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಒಂದು ಗಳಿಗೆ ಸುಮ್ಮನೆ ಕುಳಿತೆ. ಇಟಲಿಯ ‘ತ್ರಿಯೊಂಫಿ’ ಫ್ರೆಂಚರ ಬಾಯಲ್ಲಿ ‘ತ್ರಿಯೊಂಫ್’ ಆಯಿತು. ಅಲ್ಲಿಂದ ಇಂಗ್ಲಿಷರಿಗೆ ‘ಟ್ರಂಪ್’, ಡಚ್ಚರಿಗೆ ‘ತ್ರೂಫ್’. ಎಲೆಗಳ ಕಟ್ಟುಗಳು ಹಡಗೇರಿ ನಮ್ಮ ಕರಾವಳಿಗೆ ಬಂದಾಗ ಈ ಮಾತುಗಳೂ ಅವುಗಳೊಡನೆ ಇಳಿದವು. ನಮ್ಮ ‘ಆಟೀನು’, ‘ಕಳಾವರ’ಗಳಲ್ಲಿ ಡಚ್ಚರ ‘ಹಾರ್ಟೆನ್’, ‘ಕ್ಲಾವರ್’ಗಳ ದನಿ ಇಂದಿಗೂ ಕೇಳುತ್ತದೆ. ನಮ್ಮ ‘ತುರುಪು’ ಈ ವಂಶದ ಕೂಸೇ. ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳು ‘ತುರುಪಿನ ಎಲೆ’ ಎಂದು ಬರೆಯುತ್ತವೆ. ಹಾಸ್ಟೆಲಿನ ಹುಡುಗಿಯರು ಹೆದರಿ ದೂರ ಸರಿದ ಆ ಎಲೆಗಳ ಹೆಸರನ್ನು ನಾವು ದಿನಬೆಳಗಾದರೆ ಕಾಫಿಯೊಡನೆ ಓದುತ್ತಿದ್ದೇವೆ!

ಹಾಗಾದರೆ ಈಜಿಪ್ಟಿಗೂ ಇದಕ್ಕೂ ಸಂಬಂಧವೇ ಇಲ್ಲವೆ? ಉಂಟು, ಆದರೆ ಭಕ್ತರು ಹೇಳುವ ಸಂಬಂಧವಲ್ಲ. ಇಸ್ಪೀಟಿನ ಎಲೆಗಳು ಯೂರೋಪನ್ನು ಮುಟ್ಟಿದ್ದು 1370ರ ದಶಕದಲ್ಲಿ. 1377ರಲ್ಲಿ ಫ್ಲಾರೆನ್ಸಿನಲ್ಲಿ ಅವುಗಳ ಮೇಲೆ ಕಟ್ಟಳೆ ಹೊರಟಿತು. ಅವು ಬಂದದ್ದು ಮುಸ್ಲಿಂ ನಾಡುಗಳಿಂದ. ಈಜಿಪ್ಟನ್ನು ಆಳುತ್ತಿದ್ದ ಮಾಮಲೂಕರ ಕಾಲದ ಒಂದು ಕಟ್ಟು ಇಸ್ತಾಂಬುಲಿನ ತೊಪ್‌ಕಾಪಿ ಅರಮನೆಯಲ್ಲಿದೆ. ಅದರಲ್ಲೂ ಬಟ್ಟಲು, ಕತ್ತಿ, ನಾಣ್ಯಗಳಿವೆ. ನಾಲ್ಕನೆಯದು ಪೋಲೋ ಆಟದ ಕೋಲು. ಪೋಲೋ ಅರಿಯದ ಇಟಲಿಯವರು ಆ ಕೋಲನ್ನು ದಂಡವೆಂದುಕೊಂಡರು. ಆ ಕಟ್ಟಿನ ಒಂದು ಎಲೆಯ ಮೇಲೆ ‘ಕಂಜಿಫ’ ಎಂಬ ಮಾತಿದೆ. ಆ ಮಾತು ಮೈಸೂರಿನವರ ಕಿವಿಗೆ ಹೊಸದಲ್ಲ. 1527ರಲ್ಲಿ ಬಾಬರನು ಸಿಂಧದ ಗೆಳೆಯನಿಗೆ ಕಳಿಸಿದ್ದೂ, ಸಾವಂತವಾಡಿ, ಒಡಿಶಾ, ಮೈಸೂರುಗಳಲ್ಲಿ ದಶಾವತಾರದ ಚಿತ್ರ ತಳೆದದ್ದೂ ಇದೇ ಗಂಜೀಫ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಈ ಆಟಗಳ ವಿಸ್ತಾರವಾದ ವರ್ಣನೆಯಿದೆ. ಅಲ್ಲಿ ಅವಕ್ಕೆ ‘ಛದ’ವೆಂದು ಹೆಸರು. ಚಾಮುಂಡೇಶ್ವರಿ ಛದ, ನವಗ್ರಹ ಛದ, ಪಂಚಪಾಂಡವ ಛದ ಎಂದು ಮಹಾರಾಜರು ಹೊಸಹೊಸ ಕಟ್ಟುಗಳನ್ನು ಹೊಸೆದರು. ಕೆಲವಕ್ಕೆ 300ನ್ನೂ ಮೀರಿದ ಎಲೆಗಳು.

ಈ ನವಗ್ರಹ ಛದವನ್ನು ಓದುಗರು ನೆನಪಿನಲ್ಲಿಡಬೇಕು. ಎಲೆಯ ಮೇಲೆ ಶನಿಯಿದ್ದಾನೆ, ರಾಹುಕೇತುಗಳಿದ್ದಾರೆ. ಆದರೂ ಆ ಎಲೆ ಎತ್ತಿದವನಿಗೆ ಸಾಡೇಸಾತಿ ಹಿಡಿಯಿತೆಂದು ಮೈಸೂರಿನಲ್ಲಿ ಯಾರೂ ಹೇಳಲಿಲ್ಲ. ಆಡುವವರಿಗೆ ಅದು ಆಟವೆಂದು ಗೊತ್ತಿತ್ತು. ಆಟವನ್ನೇ ಕಾಣದ ಪರದೇಶಿಯೊಬ್ಬನ ಕೈಗೆ ಆ ಎಲೆಗಳು ಮಾತ್ರ ಸಿಕ್ಕಿದ್ದರೆ ಏನಾಗುತ್ತಿತ್ತು? ಇದೊಂದು ಗೂಢ ಜ್ಯೋತಿಷ ಗ್ರಂಥವೆಂದು ಅವನು ಸಾರುತ್ತಿರಲಿಲ್ಲವೆ? ಟ್ಯಾರೋವಿನ ಪಾಲಿಗೆ ಆದದ್ದು ಅದೇ.

ಅದಕ್ಕೆ ಮುನ್ನ, ಮತಾಚಾರ್ಯರು ಇದನ್ನು ಮಾಟವೆಂದು ಸುಟ್ಟರೆಂಬ ಪ್ರತೀತಿಯನ್ನೂ ನೋಡಬೇಕು. 1423ರಲ್ಲಿ ಬೊಲೊನ್ಯಾದಲ್ಲಿ ಸಂತ ಬೆರ್ನಾರ್ದಿನೊ ಎಲೆಯಾಟದ ವಿರುದ್ಧ ಗುಡುಗಿದ್ದು ನಿಜ. ಆ ಶತಮಾನದ ಕೊನೆಯ ಸುಮಾರಿನಲ್ಲಿ ಹೆಸರು ತಿಳಿಯದ ಮತ್ತೊಬ್ಬ ಪಾದ್ರಿ ಈ ಇಪ್ಪತ್ತೆರಡು ಎಲೆಗಳನ್ನೂ ಒಂದೊಂದಾಗಿ ಹೆಸರಿಸಿ, ಇವು ನರಕಕ್ಕೆ ಇಳಿಯುವ ಏಣಿಯ ಮೆಟ್ಟಿಲುಗಳೆಂದು ಬೈದ. ಅವನ ಬೈಗುಳಕ್ಕೆ ನಾವು ಋಣಿಗಳು; ಎಲೆಗಳ ಕ್ರಮವನ್ನು ತಿಳಿಸುವ ಅತ್ಯಂತ ಹಳೆಯ ಪಟ್ಟಿ ಅದೇ. ಆದರೆ ಆ ಪ್ರವಚನದಲ್ಲಿ ಭವಿಷ್ಯ ಹೇಳುವ ಸೊಲ್ಲೇ ಇಲ್ಲ. ಪಾದ್ರಿಯ ಕೋಪ ಜೂಜಿನ ಮೇಲೆ. ದೇವರನ್ನೂ ಪೋಪನನ್ನೂ ಜೂಜಿನ ಕಟ್ಟೆಗೆ ಎಳೆದು ತಂದರಲ್ಲಾ ಎಂಬ ಸಂಕಟ. ಸರಕಾರಗಳಿಗೆ ಅಷ್ಟೂ ಸಿಟ್ಟಿರಲಿಲ್ಲ. 1450ರಲ್ಲಿ ಫ್ಲಾರೆನ್ಸ್ ನಗರ ಆಡಬಹುದಾದ ಆಟಗಳನ್ನು ಹೆಸರಿಸಿದಾಗ ತ್ರಿಯೊಂಫಿಯೂ ಅವುಗಳಲ್ಲಿ ಸೇರಿತ್ತು.

ಅಧಿಕಾರಿಗಳ ಕೋಪದ ಒಂದು ಪ್ರಸಂಗ ಮಾತ್ರ ಹೇಳಲೇಬೇಕು. 1725ರಲ್ಲಿ ಬೊಲೊನ್ಯಾದ ಮೊಂತಿಯೆರಿ ಎಂಬ ಪಾದ್ರಿ ಭೂಗೋಳ ಕಲಿಸಲೆಂದು ಒಂದು ಕಟ್ಟನ್ನು ಅಚ್ಚು ಹಾಕಿಸಿದ. ಅದರಲ್ಲಿ ಬೊಲೊನ್ಯಾದ ಆಡಳಿತ ‘ಮಿಶ್ರ’ವೆಂದು ಬರೆದಿತ್ತು. ಊರು ಪೋಪನ ಒಡೆತನದ್ದು. ಪೋಪನ ಪ್ರತಿನಿಧಿ ಉರಿದೆದ್ದ. ಪಾದ್ರಿಯನ್ನು ಕೈದು ಮಾಡಿದರು. ಕೊನೆಗೆ ಆದ ರಾಜಿಯೇನೆಂದರೆ, ಪೋಪ್, ಚಕ್ರವರ್ತಿ ಮೊದಲಾದ ನಾಲ್ಕು ಎಲೆಗಳ ಬದಲು ನಾಲ್ವರು ಮೂರರ ಚಿತ್ರ ಹಾಕಬೇಕು! ಸೈತಾನನ ಎಲೆಯನ್ನಾಗಲಿ ಮೃತ್ಯುವಿನ ಎಲೆಯನ್ನಾಗಲಿ ಯಾರೂ ಮುಟ್ಟಲಿಲ್ಲ. ಅವುಗಳಿಂದ ಯಾರಿಗೂ ಭಯವಿರಲಿಲ್ಲ. ಭಯವಿದ್ದದ್ದು ‘ಮಿಶ್ರ’ ಎಂಬ ಒಂದು ಮಾತಿಗೆ.

ಎಲೆಗಳಿಂದ ಭವಿಷ್ಯ ಹೇಳಿದ ಹಳೆಯ ಗುರುತು ಸಿಗುವುದೂ ಆ ಬೊಲೊನ್ಯಾದಲ್ಲಿಯೇ. 1750ರ ಹಿಂದುಮುಂದಿನ ಒಂದು ಕೈಬರಹದ ಹಾಳೆಯಲ್ಲಿ 35 ಎಲೆಗಳಿಗೆ ಅರ್ಥ ಬರೆದಿದೆ. ಆಟ ಹುಟ್ಟಿ ಮುನ್ನೂರು ವರ್ಷ ಕಳೆದಿದ್ದವೆಂಬುದನ್ನು ಗಮನಿಸಬೇಕು. ಆದರೂ ಈ ಎಲೆಗಳಿಗೆ ಕಿರೀಟ ತೊಡಿಸಿದವನು ಪ್ಯಾರಿಸಿನ ಕೂರ್ ದ ಜೆಬೆಲ್ಯಾಂ. ಪ್ರಪಂಚದ ಪುರಾತನ ನಾಗರಿಕತೆಯ ಮೇಲೆ ಸಂಪುಟ ಸಂಪುಟವಾಗಿ ಬರೆಯುತ್ತಿದ್ದ ಪಂಡಿತ ಅವನು. ಟ್ಯಾರೋ ಆಟ ಪ್ಯಾರಿಸಿನಲ್ಲಿ ಆಗ ಮರೆತುಹೋಗಿತ್ತು. ಸ್ವಿಟ್ಜರ್ಲೆಂಡ್, ಜರ್ಮನಿಗಳ ಕಡೆ ಮಾತ್ರ ಬಳಕೆಯಲ್ಲಿತ್ತು. ಆ ಕಡೆಯಿಂದ ಬಂದಿದ್ದ ಹೆಂಗಸೊಬ್ಬಳ ಮನೆಗೆ ಹೋದಾಗ ಅಲ್ಲಿ ಆಡುತ್ತಿದ್ದ ಎಲೆಗಳನ್ನು ಕಂಡು, ಕಾಲು ಗಂಟೆಯೊಳಗೆ ಇದು ಈಜಿಪ್ಟಿನದೆಂದು ಸಾರಿಬಿಟ್ಟೆನೆಂದು ಅವನೇ 1781ರ ಎಂಟನೆಯ ಸಂಪುಟದಲ್ಲಿ ಬರೆದಿದ್ದಾನೆ. ಆಡುತ್ತಿದ್ದವರನ್ನು ಆಟದ ನಿಯಮ ಕೇಳುವುದಕ್ಕೂ ಕಾಲು ಗಂಟೆ ಸಾಕಿತ್ತೇನೋ!

ಅವನ ವಿದ್ವತ್ತಿನ ಬಗೆ ತಿಳಿಯಲು ಒಂದು ಉದಾಹರಣೆ ಸಾಕು. ಎಲೆಗಳಲ್ಲಿ ಒಂದು, ಒಂಟಿ ಕಾಲಿನಿಂದ ತಲೆಕೆಳಗಾಗಿ ತೂಗುಬಿದ್ದ ಮನುಷ್ಯನದು. ಇಟಲಿಯವರಿಗೆ ಅದು ಗೂಢವೇನೂ ಅಲ್ಲ. ರಾಜದ್ರೋಹಿಗಳ ಚಿತ್ರವನ್ನು ಹೀಗೆ ತಲೆಕೆಳಗಾಗಿ ಊರ ಗೋಡೆಯ ಮೇಲೆ ಬರೆಸಿ ಮಾನ ಕಳೆಯುವ ವಾಡಿಕೆ ಅಲ್ಲಿತ್ತು. ಜೆಬೆಲ್ಯಾಂ ಇದನ್ನು ಅರಿಯ. ಅಚ್ಚು ಹಾಕಿದವರು ದಡ್ಡತನದಿಂದ ಎಲೆಯನ್ನು ತಿರುಗಿಸಿಬಿಟ್ಟಿದ್ದಾರೆ, ನೇರವಾಗಿ ಹಿಡಿದರೆ ಹೆಜ್ಜೆ ನೋಡಿ ಇಡುವ ವಿವೇಕದ ಮೂರ್ತಿ ಇದು ಎಂದ. ತನ್ನ ಸಿದ್ಧಾಂತ ನೇರವಾಗಲೆಂದು ಎಲೆಯನ್ನೇ ತಲೆಕೆಳಗು ಮಾಡಿದ! ಟ್ಯಾರೋ ಎಂಬ ಹೆಸರಿಗೆ ಈಜಿಪ್ಟಿನ ಭಾಷೆಯಲ್ಲಿ ‘ರಾಜಮಾರ್ಗ’ವೆಂದು ಅರ್ಥ ಹೇಳಿದ. ಆಗ ಆ ಭಾಷೆಯನ್ನು ಓದಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಶಾಂಪೋಲಿಯನ್ ಈಜಿಪ್ಟಿನ ಚಿತ್ರಲಿಪಿಯ ಬೀಗ ತೆರೆದದ್ದು 1822ರಲ್ಲಿ. ತೆರೆದು ನೋಡಿದರೆ ಒಳಗೆ ಆ ಅರ್ಥವಿರಲಿಲ್ಲ. ಆದರೆ ನಲವತ್ತು ವರ್ಷದಲ್ಲಿ ಸುಳ್ಳು ಊರೆಲ್ಲ ಸುತ್ತಿ ಬಂದಿತ್ತು.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಅಲ್ಯೆಟ್ ಎಂಬ ಪ್ಯಾರಿಸಿನವನು ತನ್ನ ಹೆಸರನ್ನು ಹಿಂದುಮುಂದಾಗಿಸಿ ‘ಎತ್ತೆಯ’ ಎಂದಿಟ್ಟುಕೊಂಡು, 1785ರಲ್ಲಿ ಟ್ಯಾರೋವಿನಿಂದ ಭವಿಷ್ಯ ನೋಡುವ ಪುಸ್ತಕ ಹೊರಡಿಸಿ, ಆಮೇಲೆ ಅದಕ್ಕೆಂದೇ ಒಂದು ಕಟ್ಟನ್ನೂ ಮಾರಿದ. 1850ರ ದಶಕದಲ್ಲಿ ಎಲಿಫಾಸ್ ಲೆವಿ ಎಂಬವನು 22 ಎಲೆಗಳನ್ನು ಹೀಬ್ರೂ ಭಾಷೆಯ 22 ಅಕ್ಷರಗಳಿಗೆ ಗಂಟುಹಾಕಿ ಮಂತ್ರಶಾಸ್ತ್ರದ ಬಣ್ಣ ಬಳಿದ. 1889ರಲ್ಲಿ ಪಾಪ್ಯುಸ್ ಎಂಬ ಹೆಸರಿನಿಂದ ಬರೆದ ಮತ್ತೊಬ್ಬನು ತನ್ನ ಗ್ರಂಥಕ್ಕೆ ‘ಜಿಪ್ಸಿಗಳ ಟ್ಯಾರೋ’ ಎಂದೇ ಹೆಸರಿಟ್ಟ. ನಮ್ಮ ಹಿರಿಯ ಮಿತ್ರರ ‘ಜಿಪ್ಸಿಗಳ ಕ್ಷುದ್ರವಿದ್ಯೆ’ಗೆ ಬೇರು ಇಲ್ಲಿದೆ.

ಜಿಪ್ಸಿಗಳ ಮಾತು ಬಂದಾಗ ನಗೆ ನಿಲ್ಲುತ್ತದೆ. ಪಶ್ಚಿಮ ಯೂರೋಪಿನ ಊರುಗಳಲ್ಲಿ ಅವರು ಕಾಣಿಸಿಕೊಂಡದ್ದು 1417ರ ಸುಮಾರಿಗೆ. ಎಲೆಗಳು ಅದಕ್ಕಿಂತ ನಲವತ್ತು ವರ್ಷ ಮೊದಲೇ ಬಂದಿದ್ದವು. ಎಂದಮೇಲೆ ಅವರು ತಂದ ಪ್ರಶ್ನೆಯೇ ಇಲ್ಲ. ‘ಸಣ್ಣ ಈಜಿಪ್ಟ್’ ಎಂಬಲ್ಲಿಂದ ಬಂದೆವೆಂದು ಅವರು ಹೇಳಿಕೊಂಡರು. ಅದರಿಂದ ಅವರಿಗೆ ‘ಈಜಿಪ್ಷಿಯನ್’, ಮುಂದೆ ‘ಜಿಪ್ಸಿ’ ಎಂದು ಹೆಸರಾಯಿತು. ಎಲೆಗಳು ಈಜಿಪ್ಟಿನವು, ಜಿಪ್ಸಿಗಳೂ ಈಜಿಪ್ಟಿನವರು, ಆದ್ದರಿಂದ ಎಲೆಗಳು ಜಿಪ್ಸಿಗಳವು ಎಂದು ಪಂಡಿತರು ಎರಡು ತಪ್ಪುಗಳನ್ನು ಕೂಡಿಸಿ ಮೂರನೆಯದನ್ನು ಹುಟ್ಟಿಸಿದರು. ವಿಚಿತ್ರವೆಂದರೆ, ಜೆಬೆಲ್ಯಾಂನ ಸಂಪುಟ ಹೊರಬಂದ ಮರುವರ್ಷವೇ, 1782ರಲ್ಲಿ, ರ್‍ಯೂಡಿಗರ್ ಎಂಬ ಜರ್ಮನ್ ವಿದ್ವಾಂಸ ಆ ಜನರ ಮಾತನ್ನು ಕಿವಿಗೊಟ್ಟು ಕೇಳಿ, ಇದು ಭಾರತದ ಭಾಷೆಯೆಂದು ತೋರಿಸಿದ. ಅವರ ರೋಮಾನಿ ಭಾಷೆಯಲ್ಲಿ ನೀರು ‘ಪಾನಿ’, ಮೂಗು ‘ನಾಕ್’, ವರ್ಷ ‘ಬೆರ್ಶ್’, ಮನುಷ್ಯ ‘ಮನುಷ್’. ಕನ್ನಡ ಬಲ್ಲವರಿಗೆ ಇದಕ್ಕೆ ಟೀಕೆ ಬೇಕಾಗಿಲ್ಲ. ಯೂರೋಪಿನ ದಾರಿಗಳಲ್ಲಿ ‘ಮನುಷ್’ ಎಂಬ ನಮ್ಮದೇ ಮಾತನ್ನು ಹೊತ್ತು ಅವರು ಅಲೆಯುತ್ತಿದ್ದರು. ಅವರನ್ನು ಹಾಗೆ ಕಂಡವರು ಮಾತ್ರ ಕಡಿಮೆ.

1427ರಲ್ಲಿ ಅವರ ಒಂದು ಗುಂಪು ಪ್ಯಾರಿಸಿನ ಹೊರಗೆ ಬಿಡಾರ ಹೂಡಿತು. ಹೆಸರಿಲ್ಲದ ಪ್ಯಾರಿಸ್ ನಿವಾಸಿಯೊಬ್ಬನ ದಿನಚರಿಯಲ್ಲಿ ಇದರ ವರ್ಣನೆಯಿದೆ. ಹೆಂಗಸರು ಕೈ ನೋಡಿ ಸಂಸಾರ ಒಡೆಯುತ್ತಾರೆ, ಜನರ ಹಣದ ಚೀಲ ಬರಿದು ಮಾಡುತ್ತಾರೆ ಎಂದು ಊರೆಲ್ಲ ಸುದ್ದಿ. ದಿನಚರಿಯವನು ತಾನೇ ಮೂರು ನಾಲ್ಕು ಸಲ ಹೋಗಿ ಅವರೊಡನೆ ಮಾತಾಡಿಬಂದ. ತನಗೆ ಒಂದು ಕಾಸೂ ನಷ್ಟವಾಗಲಿಲ್ಲ, ಅವರು ಯಾರ ಕೈಯನ್ನೂ ನೋಡಿದ್ದು ತಾನು ಕಾಣಲಿಲ್ಲ, ಆದರೆ ಜನ ಎಲ್ಲೆಲ್ಲೂ ಹಾಗೆ ಹೇಳುತ್ತಿದ್ದರು ಎಂದು ಬರೆದಿಟ್ಟ. ಕೊನೆಗೆ ಬಿಷಪ್ಪನು ಬಂದು, ಕೈ ತೋರಿಸಿದವರಿಗೆಲ್ಲ ಬಹಿಷ್ಕಾರ ಹಾಕಿದ. ಆ ಜನ ಊರು ಬಿಟ್ಟು ಹೋಗಬೇಕಾಯಿತು. ಆರು ನೂರು ವರ್ಷದ ಹಿಂದಿನ ಆ ಮನುಷ್ಯನ ಪ್ರಾಮಾಣಿಕತೆಗೆ ನಾನು ಕೈ ಮುಗಿಯುತ್ತೇನೆ. ತಾನು ಕಂಡದ್ದನ್ನೂ ಜನ ಅಂದದ್ದನ್ನೂ ಅವನು ಬೇರೆ ಬೇರೆಯಾಗಿ ಇಟ್ಟ. ಕಾನೂನು ಮಾಡಿದವರು ಹಾಗೆ ಇಡಲಿಲ್ಲ.

ಇಂಗ್ಲೆಂಡಿನಲ್ಲಿ 1530ರಲ್ಲಿ ‘ಈಜಿಪ್ಷಿಯನ್ನರು’ ದೇಶ ಬಿಡಬೇಕೆಂದು ಶಾಸನವಾಯಿತು. ಕೈ ನೋಡಿ ಮೋಸಮಾಡುತ್ತಾರೆಂಬುದು ಅದರಲ್ಲಿ ಹೇಳಿದ ಒಂದು ಕಾರಣ. 1554ರಲ್ಲಿ ಬಿಡದವರಿಗೆ ಮರಣದಂಡನೆಯಾಯಿತು. 1824ರ ಅಲೆಮಾರಿಗಳ ಶಾಸನ ಭವಿಷ್ಯ ಹೇಳುವವರನ್ನು ಪೋಕರಿಗಳ ಪಟ್ಟಿಗೆ ಸೇರಿಸಿ ಮೂರು ತಿಂಗಳವರೆಗೆ ಸೆರೆಮನೆ ವಿಧಿಸಿತು. ಆ ಮಾತು ಅಲ್ಲಿಯ ಕಾನೂನಿನಿಂದ ಹೋದದ್ದು 1989ರಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ನಾಜಿಗಳು ಈ ಜನರಲ್ಲಿ ಕಡಿಮೆಯೆಂದರೂ ಎರಡು ಲಕ್ಷ ಮಂದಿಯನ್ನು ಕೊಂದರು. ಒಂದು ಜನಾಂಗವೇ ಮೋಸದ್ದೆಂದು ನಾನೂರು ವರ್ಷ ಹೇಳಿಕೊಂಡು ಬಂದ ಮಾತು ಅಲ್ಲಿಗೆ ಮುಟ್ಟಿತು.

ಇದು ಯೂರೋಪಿನ ಪಾಪವೆಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ನನ್ನ ಬಾಲ್ಯದಲ್ಲಿ ನಮ್ಮ ಹಳ್ಳಿಗೆ ಸುಗ್ಗಿಯ ನಂತರ ಕೊರವಂಜಿ ಬರುತ್ತಿದ್ದಳು. ಕಂಕುಳಲ್ಲಿ ಬುಟ್ಟಿ, ಕೈಯಲ್ಲೊಂದು ಕೋಲು. ನಮ್ಮಜ್ಜಿ ಮೊರದಲ್ಲಿ ರಾಗಿ ತಂದು ಜಗಲಿಯ ಮೇಲೆ ಕುಳಿತು, “ಹೇಳವ್ವ ಒಂದು ಕಣಿಯ” ಎನ್ನುವಳು. ಅವಳು ಹೇಳಿದ್ದು ನಿಜವಾಯಿತೋ ಸುಳ್ಳಾಯಿತೋ ಅಜ್ಜಿ ಎಂದೂ ಲೆಕ್ಕ ಇಟ್ಟವಳಲ್ಲ. ಮನೆಯಲ್ಲಿ ಯಾರೂ ಕೇಳದ ತನ್ನ ದುಃಖವನ್ನು ಅವಳ ಮುಂದೆ ಆಡಿಕೊಳ್ಳುತ್ತಿದ್ದಳು; ಅವಳು ಕೇಳುತ್ತಿದ್ದಳು. ಆದರೆ ಅದೇ ವಾರ ಯಾರ ಮನೆಯ ಕೋಳಿ ಕಾಣೆಯಾದರೂ ಊರ ಗಂಡಸರು ಮೊದಲು ಹುಡುಕುತ್ತಿದ್ದುದು ಕೊರವರ ಗುಡಿಸಲನ್ನು. ಏಕೆಂದರೆ ಎಲ್ಲರೂ ಹಾಗೆ ಹೇಳುತ್ತಿದ್ದರು. ಎಲ್ಲರೂ ಹೇಳುವುದನ್ನು ಇಲ್ಲಿಯೂ ಕಾನೂನು ಬರೆದಿಟ್ಟಿತ್ತು. 1871ರಲ್ಲಿ ಇಂಗ್ಲಿಷರು ಹುಟ್ಟಿನಿಂದಲೇ ಅಪರಾಧಿಗಳೆಂದು ಕೆಲವು ಜಾತಿಗಳನ್ನು ಗುರುತಿಸುವ ಶಾಸನ ತಂದರು. 1911ರ ತಿದ್ದುಪಡಿಯ ಬಳಿಕ ಅದು ಮದರಾಸು ಪ್ರಾಂತ್ಯದ ಕೊರವ ಕೊರಚರ ಗುಂಪುಗಳನ್ನೂ ಹಿಡಿಯಿತು. ಅದು ರದ್ದಾದದ್ದು 1952ರಲ್ಲಿ. ಯಕ್ಷಗಾನದಲ್ಲಿ ಕೊರವಂಜಿ ರಂಗಕ್ಕೆ ಬಂದರೆ ಚಪ್ಪಾಳೆ, ರಾ.ಶಿ. ಅವರು 1942ರಲ್ಲಿ ಹಾಸ್ಯಪತ್ರಿಕೆಗೆ ‘ಕೊರವಂಜಿ’ ಎಂದೇ ಹೆಸರಿಟ್ಟರೆ ನಾಡೆಲ್ಲ ಮೆಚ್ಚಿತು. ಬುಟ್ಟಿ ಹೊತ್ತ ನಿಜವಾದ ಕೊರವಂಜಿಯನ್ನು ಪೊಲೀಸಿನವರು ಬರೆದುಕೊಂಡರು.

ಮತ್ತೆ ಆ ಹುಡುಗಿಯ ಕಟ್ಟಿಗೆ ಬರೋಣ. ಅವಳು ಕೊಂಡದ್ದು 1909ರಲ್ಲಿ ಲಂಡನ್ನಿನಲ್ಲಿ ಹೊರಟ ಕಟ್ಟಿನ ಮರುಮುದ್ರಣ. ಬರೆಯಿಸಿದವನು ಎ.ಇ. ವೇಟ್, ಗೂಢವಿದ್ಯೆಯ ಭಕ್ತನಾದರೂ ಈಜಿಪ್ಟಿನ ಕಥೆಯನ್ನು ಅವನು ಒಪ್ಪಿರಲಿಲ್ಲ. ಬರೆದವಳು ಪಮೇಲಾ ಕೋಲ್‌ಮನ್ ಸ್ಮಿತ್, ಬಾಲ್ಯದ ಕೆಲವು ವರ್ಷಗಳನ್ನು ಜಮೈಕಾದಲ್ಲಿ ಕಳೆದ ಚಿತ್ರಗಾರ್ತಿ. ಕೆಲವೇ ತಿಂಗಳಲ್ಲಿ ಕಟ್ಟನ್ನೆಲ್ಲ ಬರೆದು ಮುಗಿಸಿ, ಕೆಲಸ ದೊಡ್ಡದು ಹಣ ಮಾತ್ರ ಅತ್ಯಲ್ಪವೆಂದು ಗೆಳೆಯನೊಬ್ಬನಿಗೆ ಕಾಗದ ಬರೆದಳು. ಜಗತ್ತಿನಲ್ಲೆಲ್ಲ ಹರಡಿದ ಈ ಕಟ್ಟು ಬಹುಕಾಲ ಕರೆಸಿಕೊಂಡದ್ದು ಪ್ರಕಾಶಕನ ಮತ್ತು ವೇಟನ ಹೆಸರಿನಿಂದ. 1951ರಲ್ಲಿ ಕಾರ್ನ್‌ವಾಲಿನ ಬ್ಯೂಡ್ ಎಂಬ ಊರಿನಲ್ಲಿ ಅವಳು ಸಾಲದಲ್ಲಿ ತೀರಿಕೊಂಡಳು. ಮನೆಯ ಸಾಮಾನನ್ನು ಸಾಲಕ್ಕೆ ಹರಾಜು ಹಾಕಿದರು. ಪ್ರತಿಯೊಂದು ಎಲೆಯ ಮೂಲೆಯಲ್ಲೂ ಬಳ್ಳಿಯಂತೆ ಸುತ್ತಿಕೊಂಡ ಒಂದು ಸಣ್ಣ ಗುರುತಿದೆ. ಅದು ಅವಳ ಸಹಿ. ಎಲೆಯಲ್ಲಿ ಗೂಢಾರ್ಥ ಹುಡುಕಿದವರು ಈ ಅರ್ಥವನ್ನು ಹುಡುಕಲು ಬಹಳ ಕಾಲ ತೆಗೆದುಕೊಂಡರು.

ಹಾಸ್ಟೆಲಿನಲ್ಲಿ ಗುಲ್ಲೆಬ್ಬಿಸಿದ ಮೃತ್ಯುವಿನ ಎಲೆಯನ್ನು ನಾನು ನಿಧಾನವಾಗಿ ನೋಡಿದೆ. ಬಿಳಿಯ ಕುದುರೆಯ ಮೇಲೆ ಕವಚ ತೊಟ್ಟ ಅಸ್ಥಿಪಂಜರ. ಕಾಲಡಿಯಲ್ಲಿ ಬಿದ್ದ ರಾಜ. ಎದುರಿಗೆ ಕೈ ಜೋಡಿಸಿದ ಮತಗುರು. ಮುಖ ತಿರುಗಿಸಿದ ಕನ್ಯೆ. ಒಂದು ಮಗು ಮಾತ್ರ ಹೆದರದೆ ಮುಖವೆತ್ತಿ ನೋಡುತ್ತಿದೆ. ಹಿನ್ನೆಲೆಯಲ್ಲಿ ಎರಡು ಗೋಪುರಗಳ ನಡುವೆ ಸೂರ್ಯ. ಹರಿದಾಸರೂ ಶರಣರೂ ನಮಗೆ ಮತ್ತೆ ಮತ್ತೆ ನೆನಪಿಸಿದ ವಿಷಯವಲ್ಲದೆ ಇದರಲ್ಲಿ ಇನ್ನೇನಿದೆ? ಟ್ಯಾರೋ ನೋಡುವವರು ಕೂಡ ಈ ಎಲೆ ಬಂದರೆ ಸಾವೆಂದು ಹೇಳುವುದಿಲ್ಲ. ಒಂದು ಮುಗಿದು ಮತ್ತೊಂದು ಮೊದಲಾಗುವ ಕಾಲವೆನ್ನುತ್ತಾರೆ.

ಹಾಗಾದರೆ ಟ್ಯಾರೋ ನೋಡಿದರೆ ಭವಿಷ್ಯ ತಿಳಿಯುವುದೆ? ನನಗೆ ಆ ನಂಬಿಕೆಯಿಲ್ಲ. ಎಲೆ ಕಲಸಿದಾಗ ಯಾವುದು ಮೇಲೆ ಬರುವುದೆಂಬುದು ಎಲೆ ಕಲಸಿದ ಕೈಯ ಆಕಸ್ಮಿಕ. ಹೆದರಿಸಿ, ದೋಷವಿದೆಯೆಂದು ಪರಿಹಾರಕ್ಕೆ ಸಾವಿರಗಟ್ಟಲೆ ಕೀಳುವವರು ಇದರಲ್ಲೂ ಇದ್ದಾರೆ. ಅವರನ್ನು ಹಿಡಿಯಬೇಕಾದುದು ಮೋಸಕ್ಕಾಗಿ, ಎಲೆಗಾಗಿ ಅಲ್ಲ. ಚಿತ್ರವೊಂದನ್ನು ಮುಂದಿಟ್ಟುಕೊಂಡು ದುಃಖಿಯ ಮಾತನ್ನು ತಾಳ್ಮೆಯಿಂದ ಕೇಳುವವರೂ ಇದ್ದಾರೆ. ನಮ್ಮಜ್ಜಿಯ ಕೊರವಂಜಿಗೂ ಅವರಿಗೂ ನನಗೆ ಬಹಳ ವ್ಯತ್ಯಾಸ ಕಾಣುವುದಿಲ್ಲ. ಒಂದೇ ವ್ಯತ್ಯಾಸವೆಂದರೆ, ಇಂಗ್ಲಿಷಿನಲ್ಲಿ ಹೇಳುವವರಿಗೆ ಕುರ್ಚಿ ಹಾಕುತ್ತೇವೆ, ಬುಟ್ಟಿ ಹೊತ್ತವಳನ್ನು ಜಗಲಿಯ ಕೆಳಗೆ ನಿಲ್ಲಿಸುತ್ತೇವೆ. ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಮೈಕೆಲ್ ಡಮೆಟ್ 1980ರಲ್ಲಿ ಟ್ಯಾರೋ ಆಟದ ಮೇಲೆ ದೊಡ್ಡ ಗ್ರಂಥವನ್ನೇ ಬರೆದು, ಇದು ಮೊದಲಿಗೂ ಕೊನೆಗೂ ಆಟವೆಂದು ಸಾಧಿಸಿದರು. ಫ್ರಾನ್ಸಿನಲ್ಲಿ, ಆಸ್ಟ್ರಿಯಾದಲ್ಲಿ ಜನ ಇಂದಿಗೂ ಇದನ್ನು ಆಡುತ್ತಾರೆ. ಮನಸ್ಸಿನ ಕತ್ತಲೆಯನ್ನೆಲ್ಲ ಕೆದಕಿದ ಫ್ರಾಯ್ಡ್ ಮಹಾಶಯ ಕೂಡ ವಿಯೆನ್ನಾದಲ್ಲಿ ಶನಿವಾರ ಸಂಜೆ ಗೆಳೆಯರೊಡನೆ ಕುಳಿತು ಈ ಎಲೆಯಾಟ ಆಡುತ್ತಿದ್ದ.

ರಜೆ ಮುಗಿದು ಕಾಲೇಜು ತೆರೆದಾಗ ಆ ಹುಡುಗಿಯನ್ನು ಕರೆಸಿ ಇದನ್ನೆಲ್ಲ ಹೇಳಿದೆ. ಗಮನವಿಟ್ಟು ಕೇಳಿದಳು. ಕಟ್ಟನ್ನು ಹಿಂದಕ್ಕೆ ಕೊಡಲು ಹೋದರೆ, “ಇರಲಿ ಸಾರ್, ಮೊದಲು ಅವಳಿಗೆ ಹೇಳಿ ಬರುತ್ತೇನೆ” ಎಂದು, ಅಜ್ಜನನ್ನು ಕಳೆದುಕೊಂಡ ಗೆಳತಿಯ ಹೆಸರು ಹೇಳಿದಳು. ಮರುದಿನ ಇಬ್ಬರೂ ಬಂದರು. ಅಧ್ಯಾಪಕರ ಕೊಠಡಿಯ ಮೇಜಿನ ಮೇಲೆ ಎಲೆಗಳನ್ನು ಹರಡಿಕೊಂಡು, ಮೂಲೆಮೂಲೆಯಲ್ಲಿ ಪಮೇಲಾಳ ಸಹಿಯನ್ನು ಹುಡುಕತೊಡಗಿದರು. ಮೃತ್ಯುವಿನ ಎಲೆ ಬಂದಾಗ ಆ ಗೆಳತಿ ಕೈ ಹಿಂದೆಳೆದಳು. ಆಮೇಲೆ ಎತ್ತಿಕೊಂಡು ಬಹಳ ಹೊತ್ತು ನೋಡಿ, “ಈ ಮಗು ಹೆದರಿಲ್ಲ ಅಲ್ವಾ ಸಾರ್?” ಎಂದಳು.

“ಇಲ್ಲಮ್ಮ, ಅದಕ್ಕೆ ಇನ್ನೂ ಯಾರೂ ಏನೂ ಹೇಳಿಲ್ಲ” ಎಂದೆ.